ಹಂಗೇರಿ ಮೇಷ್ಟ್ರ ಬೂಟು

ಚಾಮರಾಜಪೇಟೆಯ ನಮ್ಮ ಗರಡಿಯ ಬಾಗಿಲು ಗಿಡ್ಡದು. ಒಳಗೆ ಆಂಜನೇಯನ ಪಟವಿದೆ. ಬರುವವರು ಎಂಥ ಪೈಲ್ವಾನರಾದರೂ ತಲೆ ತಗ್ಗಿಸಿಯೇ ಬರಲಿ ಎಂದು ಹಳಬರು ಬೇಕೆಂದೇ ಹಾಗೆ ಕಟ್ಟಿಸಿದ್ದರಂತೆ. ತಲೆ ತಗ್ಗಿಸಿದ್ದು ಸಾಲದೆ ಮೈಯನ್ನೂ ಓರೆ ಮಾಡಿಕೊಂಡು ಆ ಬಾಗಿಲಲ್ಲಿ ನುಸುಳಿ ಬಂದವರನ್ನು ನಾನು ಒಬ್ಬರನ್ನೇ ನೋಡಿದ್ದೇನೆ. ತೊಂಬತ್ತರ ದಶಕದ ನಡುವಿನ ಒಂದು ಸಂಜೆ ಅದು. ಕಬ್ಬಿಣದ ಸದ್ದು ಕೇಳಿ ರಸ್ತೆಯಿಂದ ತಿರುಗಿ ಬಂದಿದ್ದರು. ಕೆಂಪು ಮುಖ, ನರೆತ ಮೀಸೆ, ತಲೆ ಮತ್ತು ಭುಜದ ನಡುವೆ ಕುತ್ತಿಗೆಯೇ ಇಲ್ಲದಂಥ ಮೈಕಟ್ಟು. ಅವರ ಹಿಂದೆ ಬೀದಿಯ ಬೆಳಕು ಮರೆಯಾಗಿ ಒಳಗೆ ಅರೆಗತ್ತಲೆಯಾಯಿತು.

ಅವರ ಊರು ಹಂಗೇರಿ ದೇಶದಲ್ಲಿ. ಹರೆಯದಲ್ಲಿ ಭಾರ ಎತ್ತುವ ಸ್ಪರ್ಧೆಗಳಲ್ಲಿ ಸೂಪರ್ ಹೆವಿ ಎಂಬ ಕಟ್ಟಕಡೆಯ ವರ್ಗದಲ್ಲಿದ್ದವರು. ಆ ವರ್ಗದಲ್ಲಿ ಎತ್ತುವವನ ಮೈತೂಕಕ್ಕೆ ಮೇಲ್ಮಿತಿಯೇ ಇಲ್ಲ. ಉಳಿದವರೆಲ್ಲ ತೂಕ ಇಳಿಸಲು ಉಪವಾಸ ಬಿದ್ದರೆ ಇವರು ತಿಂದು ತಿಂದು ಏರಿಸಬೇಕಿತ್ತು. ನಿವೃತ್ತಿಯ ಮೇಲೆ ಕೋಚ್ ಆಗಿ, ಊರಾಚೆ ನಡೆಯುತ್ತಿದ್ದ ಒಂದು ತರಬೇತಿ ಶಿಬಿರಕ್ಕೆ ಒಪ್ಪಂದದ ಮೇಲೆ ಬಂದಿದ್ದರು. ಹಾಸ್ಟೆಲಿನ ವಾಸ ಬೇಸರವಾಗಿ ಬಸವನಗುಡಿಯಲ್ಲಿ ಒಂದು ಮಹಡಿ ಮನೆ ಹಿಡಿದಿದ್ದರು. ಕೆಳಗೆ ಮನೆಯೊಡತಿ ಅಜ್ಜಿ. ಮೊಟ್ಟೆ ಸಹ ಬೇಯಿಸಕೂಡದೆಂಬ ಕರಾರು ಹಾಕಿ ಮನೆ ಕೊಟ್ಟಿದ್ದ ಆಕೆ, ಗ್ಯಾಸ್ ಸಿಲಿಂಡರ್ ಬಂದಾಗಲೆಲ್ಲ ಮೆಟ್ಟಿಲ ಬುಡದಲ್ಲಿ ನಿಂತು ಇವರನ್ನು ಕೂಗುತ್ತಿದ್ದರು. ಇವರು ಇಳಿದು ಬಂದು ತುಂಬಿದ ಸಿಲಿಂಡರನ್ನು ಹಾಲಿನ ಕ್ಯಾನಿನಂತೆ ಒಂದೇ ಕೈಯಲ್ಲಿ ಹಿಡಿದು ಅಡಿಗೆಮನೆಯಲ್ಲಿ ಇಟ್ಟುಕೊಡುತ್ತಿದ್ದರು.

ಆಗ ನಾನು ಗರಡಿಯ ಕಾರ್ಯದರ್ಶಿ. ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕೆ ಸೇರಿದವನು. ವಯಸ್ಸಿನಲ್ಲಿ ನಾನೂ ಭಾರ ಎತ್ತಿದವನೇ, ರಾಜ್ಯಮಟ್ಟದಲ್ಲಿ ಒಂದೆರಡು ಪದಕ ಬಂದಿತ್ತು. ಸಂಜೆ ಗರಡಿಗೆ ಬಂದು ಹುಡುಗರಿಗೆ ಹೇಳಿಕೊಡುತ್ತಿದ್ದೆ. ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು. ಆ ಮಾತು ನನಗೆ ಸಂಬಳಕ್ಕಿಂತ ಹೆಚ್ಚಾಗಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಾನು ಮಾಡಿದ್ದಕ್ಕೆಲ್ಲ ಮೂಲ ಅಲ್ಲಿದೆ.

ಮೊದಲ ಸಂಜೆಯೇ ಅವರು ಬಾಗಿಲ ಹೊರಗೆ ಬೂಟು ಬಿಚ್ಚಿ, ಪಟದ ಕಡೆ ನೋಡಿ, ನಾವು ಕೈ ಮುಗಿದದ್ದನ್ನು ನೋಡಿ ತಾವೂ ಮುಗಿದು ಒಳಗೆ ಬಂದರು. ಒಂದು ಮೂಲೆಯಲ್ಲಿ ಗೋಡೆಗೆ ಒರಗಿ ಕೂತು ನೋಡಿದರು. ಮಾರನೆಯ ವಾರ ಮತ್ತೆ ಬಂದರು. ಆಮೇಲೆ ಶಿಬಿರದ ಕೆಲಸ ಇಲ್ಲದ ಸಂಜೆಗಳೆಲ್ಲ ನಮ್ಮಲ್ಲೇ. ಅವರ ಇಂಗ್ಲಿಷ್ ನನ್ನ ಇಂಗ್ಲಿಷಿನಷ್ಟೇ ಮುರುಕು, ಅದರಿಂದ ಮಾತಿಗೆ ಸಂಕೋಚವಿರಲಿಲ್ಲ. ಕನ್ನಡದಲ್ಲಿ ಅವರು ಮೊದಲು ಕಲಿತದ್ದು ಕಾಲು ಅನ್ನುವ ಮಾತು. ಅವರ ಪಾಠವೆಲ್ಲ ಅದೇ. "ಕಾಲು ಫಸ್ಟ್. ಕೈ ಲಾಸ್ಟ್." ಹಾಗೆಂದು ತಮ್ಮ ಪಾದವನ್ನು ತಟ್ಟಿ ತೋರಿಸುವರು.

ಭಾನುವಾರ ಬೆಳಿಗ್ಗೆ ಅಭ್ಯಾಸ ಮುಗಿಸಿ ನಾವು ನಾಲ್ಕಾರು ಮಂದಿ ಅವರೊಡನೆ ಗಾಂಧಿ ಬಜಾರಿಗೆ ನಡೆದು ಹೋಗುತ್ತಿದ್ದೆವು. ಅಲ್ಲೊಂದು ಹೋಟೆಲು. ಇವರನ್ನು ಕಂಡ ಕೂಡಲೇ ಮಾಣಿ ಒಳಗೆ ಕೂಗುವನು. "ದೊಡ್ಡ ಸಾರ್ ಬಂದ್ರು, ಬೆಂಚ್ ತಗೊಂಬಾರೋ. ಹೋದ್ವಾರದ ಕುರ್ಚಿ ಇನ್ನೂ ಬಡಗಿ ಹತ್ರ ಐತೆ." ಬೆಂಚಿನ ಮೇಲೆ ಕೂತು, ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ, ನಿಧಾನವಾಗಿ ತಮ್ಮ ಕಥೆ ಹೇಳುತ್ತಿದ್ದರು. ಈಗ ನೆನೆದರೆ ಆ ಬೆಳಗುಗಳ ಕಾಫಿಯ ವಾಸನೆಯೂ ಹೂವಿನ ಬುಟ್ಟಿಗಳ ತೇವವೂ ಒಟ್ಟಿಗೇ ಬರುತ್ತವೆ.

ಅವರ ಊರು ಬಯಲು ಸೀಮೆಯದು, ಹತ್ತಿರ ದೊಡ್ಡ ಹೊಳೆ. ತಂದೆ ಹಿಟ್ಟಿನ ಗಿರಣಿಯಲ್ಲಿ ಕೂಲಿ. ತಂದೆಗೆ ಬೆನ್ನು ನೋವೆಂದು ಮಗ ಮೂಟೆ ಹೊರಲು ಹೋದದ್ದು. ಸೈನ್ಯಕ್ಕೆ ಸೇರಿದಾಗ ಯಾರೋ ಇವರ ಬೆನ್ನು ನೋಡಿ ಅಲ್ಲಿನ ಕ್ರೀಡಾ ಸಂಘಕ್ಕೆ ಕಳಿಸಿದರು. ಆಗಿನ ಕಾಲಕ್ಕೆ ಎತ್ತುವ ವಿಧ ಮೂರು. ಅದರಲ್ಲಿ ಒಂದು ಪ್ರೆಸ್. ಭುಜದ ಮೇಲಿಟ್ಟುಕೊಂಡ ಭಾರವನ್ನು ಕಾಲು ಕದಲಿಸದೆ, ಬರಿಯ ತೋಳಿನ ಬಲದಿಂದ ಮೇಲಕ್ಕೆ ದೂಡುವುದು. ಮೂಟೆ ಹೊತ್ತ ಮೈಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಉಳಿದೆರಡರಲ್ಲಿ ಹಿಂದೆ ಬಿದ್ದರೂ ಪ್ರೆಸ್ಸಿನಲ್ಲಿ ಎಲ್ಲರನ್ನೂ ಹಿಡಿದುಬಿಡುತ್ತಿದ್ದರು. ಎಪ್ಪತ್ತರ ದಶಕದ ಆರಂಭದಲ್ಲಿ ಆ ವಿಧವನ್ನೇ ಸ್ಪರ್ಧೆಯಿಂದ ತೆಗೆದುಹಾಕಿದರು.

"ಒನ್ ಮೀಟಿಂಗ್," ಎಂದು ಬೆರಳು ತೋರಿಸಿ ನಗುತ್ತಿದ್ದರು. "ಮೈ ಹಾಫ್ ಬಾಡಿ, ಫಿನಿಶ್."

ಮೂವತ್ತು ಹತ್ತಿರವಾಗಿದ್ದಾಗ ಅವರು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಉಳಿದ ಎರಡು ವಿಧಗಳಲ್ಲಿ ತೋಳಿಗಿಂತ ಪಾದ ಮುಖ್ಯ. ಭಾರ ಮೇಲೇಳುವಾಗ ಅದರ ಕೆಳಗೆ ನುಗ್ಗಿ ಕೂರಬೇಕು, ಪಾದ ಸರಿಯಾದ ಜಾಗಕ್ಕೆ ಬೀಳಬೇಕು. ತಮಗಿಂತ ಚಿಕ್ಕ ವಯಸ್ಸಿನ ಒಬ್ಬ ಕೋಚ್ ಇವರ ಕೈಗೆ ಕಂಬಿಯ ಬದಲು ಪೊರಕೆ ಕೋಲು ಕೊಟ್ಟು ಒಂದು ಚಳಿಗಾಲವಿಡೀ ಕೂರಿಸಿ ಎಬ್ಬಿಸಿದನಂತೆ. ನೋಡಿದವರೆಲ್ಲ ನಕ್ಕರಂತೆ. ಆಮೇಲೆ ಯುರೋಪಿನ ಒಂದು ದೊಡ್ಡ ಕೂಟದಲ್ಲಿ ಮೂರನೆಯವರಾಗಿ ನಿಂತದ್ದು ಆ ಪೊರಕೆ ಕೋಲಿನಿಂದ ಎಂದು ಹೇಳುತ್ತಿದ್ದರು. ಮಂಡಿ ಹೋದ ಮೇಲೆ ನಿವೃತ್ತಿ, ಆಮೇಲೆ ಕಲಿಸುವ ಕೆಲಸ. ಸರ್ಕಾರ ಬದಲಾಗಿ ಸಂಘ ಮುಚ್ಚಿತು. ಹಾಗೆ ಇಲ್ಲಿಗೆ.

ನಮ್ಮ ಗರಡಿಯಲ್ಲಿ ಅವರ ವರ್ಗಕ್ಕೆ ಸಲ್ಲುವ ಮೈ ಇದ್ದದ್ದು ಒಬ್ಬನಿಗೆ. ಗಾಂಧಿ ಬಜಾರಿನಲ್ಲಿ ಅಪ್ಪನ ಜೊತೆ ಹೂವಿನ ವ್ಯಾಪಾರ ಮಾಡುತ್ತಿದ್ದವನು. ಆಗಲೇ ಮನೆಯಲ್ಲಿ ಅವನಿಗೆ ಹೆಣ್ಣು ನೋಡುತ್ತಿದ್ದರು. ಹೂವನ್ನು ಅಲ್ಲಿ ಮೊಳದಲ್ಲಿ, ಮಾರಿನಲ್ಲಿ ಅಳೆಯುತ್ತಾರೆ. ಎರಡು ಕೈಯನ್ನೂ ಪೂರ್ತಿ ಚಾಚಿದರೆ ಒಂದು ಮಾರು. ಇವನು ಕೈ ಚಾಚಿದರೆ ಪಕ್ಕದ ಅಂಗಡಿಯವನಿಗಿಂತ ಗೇಣುದ್ದ ಹೆಚ್ಚು, ಅದಕ್ಕೇ ಹೆಂಗಸರೆಲ್ಲ ಇವನ ಮುಂದೆಯೇ ನಿಲ್ಲುವರು. ಹಂಗೇರಿಯವರು ಇವನನ್ನು ಕಂಡು ಮೂಟೆ ಹೊರುವ ತಮ್ಮ ಹಳೆಯ ಮೈಯನ್ನೇ ಕಂಡಂತೆ ಹಿಡಿದುಕೊಂಡರು.

"ಕಾಲು, ಕಾಲು," ಎಂದು ಅವರು ಒಂದೇ ಸಮ ಹೇಳುತ್ತಿದ್ದರೆ ಇವನು, "ಕಾಲು ಕೆಜಿನಾ, ಅರ್ಧ ಕೆಜಿನಾ ಸಾರ್? ಮಲ್ಲಿಗೆನಾ, ಕನಕಾಂಬ್ರಾನಾ?" ಎಂದು ತಮಾಷೆ ಮಾಡುವನು. ಅವರಿಗೆ ತಿಳಿಯುತ್ತಿರಲಿಲ್ಲ, ಆದರೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಕ್ರಮೇಣ ಹುಡುಗರ ಬಾಯಲ್ಲಿ ಮೇಷ್ಟ್ರು ಅನ್ನುವ ಮಾತು ಅವರದಾಯಿತು. ನನ್ನನ್ನು ಅಣ್ಣಾ ಎನ್ನತೊಡಗಿದರು. ಯಾರೂ ಬೇಕೆಂದು ಹಾಗೆ ಮಾಡಲಿಲ್ಲ. ಒಂದು ಸಂಜೆ ಯಾರೋ "ಮೇಷ್ಟ್ರೇ" ಎಂದು ಕರೆದಾಗ ನಾನು ತಿರುಗಿದೆ, ಕರೆದವನು ನನ್ನನ್ನು ದಾಟಿ ಅವರ ಬಳಿಗೆ ಹೋದ. ಅಷ್ಟೇ ನಡೆದದ್ದು.

ಒಂದು ಇಲಾಖೆಯಲ್ಲಿ ಕ್ರೀಡಾ ಕೋಟಾದ ಕೆಲಸಕ್ಕೆ ಆಯ್ಕೆ ಸ್ಪರ್ಧೆ ಬಂತು. ಹೂವಿನವನು ಅದರಲ್ಲಿ ಗೆದ್ದರೆ ಸರ್ಕಾರಿ ನೌಕರಿ. ಅವನ ಮನೆಯಲ್ಲಿ ಅದುವರೆಗೆ ಯಾರೂ ನೆರಳಿನಲ್ಲಿ ಕೂತು ಕೆಲಸ ಮಾಡಿದವರಿರಲಿಲ್ಲ. ಸ್ಪರ್ಧೆಯಲ್ಲಿ ಭಾರ ಎತ್ತುವವರು ಬೂಟು ಹಾಕಲೇಬೇಕು. ಅದಕ್ಕೆಂದೇ ಬೇರೆ ಬೂಟು ಇರುತ್ತದೆ, ಹಿಮ್ಮಡಿಯಲ್ಲಿ ಎತ್ತರದ ಮರದ ಕಟ್ಟೆ. ನಮ್ಮ ಗರಡಿಯಲ್ಲಾದರೋ ಆಂಜನೇಯನ ಮುಂದೆ ಎಲ್ಲರೂ ಬರಿಗಾಲು. ಬರಿಗಾಲಲ್ಲಿ ಕಲಿತವನಿಗೆ ಆ ಹಿಮ್ಮಡಿ ಹಾಕಿದರೆ ಮೈ ತೂಗುವ ಜಾಗವೇ ಬೇರೆಯಾಗುತ್ತದೆ. ಅಭ್ಯಾಸವಾಗಲು ಕೆಲವು ವಾರ ಬೇಕು.

ಮೇಷ್ಟ್ರು ಬೂಟು ಹೊಲಿಯುವವರೊಬ್ಬರಿಗೆ ಚಿತ್ರ ಬರೆದು ಕೊಟ್ಟು ಅವನ ಅಳತೆಗೆ ಒಂದು ಜೊತೆ ಮಾಡಿಸಿದರು. ಮಣ್ಣು ತಾಗದಂತೆ ಹೊಸ ಪಂಚೆಯಲ್ಲಿ ಸುತ್ತಿಕೊಂಡು ಇಬ್ಬರೂ ನನ್ನ ಹತ್ತಿರ ಬಂದರು.

"ಅಣ್ಣಾ, ಬೀದಿ ಮುಟ್ಟಿಲ್ಲ ಇದು. ಒಳಗೇ ಹಾಕ್ಕೊಂಡು ಒಳಗೇ ಬಿಚ್ಚಿಡ್ತೀನಿ. ಬೇಕಿದ್ರೆ ಪಟಕ್ಕೆ ಒಂದು ಪರದೆ ಬಿಡಣ," ಎಂದ ಹೂವಿನವನು.

"ಚಪ್ಪಲಿ ಚಪ್ಪಲೀನೇ ಕಣಯ್ಯಾ. ಪರದೆ ಬಿಟ್ರೆ ದೇವರಿಗೆ ಗೊತ್ತಾಗಲ್ವಾ?" ಎಂದೆ ನಾನು.

"ನೋ ಶೂ, ನೋ ಫೂಟ್," ಎಂದರು ಮೇಷ್ಟ್ರು. ಆ ದೊಡ್ಡ ಕೈಗಳನ್ನು ಜೋಡಿಸಿದರು. "ಪ್ಲೀಸ್."

"ರೂಲ್ಸ್ ಸಾರ್," ಎಂದೆ.

ಬೇರೆ ಎಲ್ಲಿಯಾದರೂ ಅಭ್ಯಾಸ ಮಾಡಬಹುದಿತ್ತೇ ಎಂದರೆ, ಶಿಬಿರದೊಳಕ್ಕೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಬಸವನಗುಡಿಯ ಮಹಡಿಯಲ್ಲಿ ಕಬ್ಬಿಣ ಕೆಡವಿದರೆ ಅಜ್ಜಿಯ ದೇವರ ಮನೆಯೇ ಕುಸಿಯುತ್ತಿತ್ತು. ಆ ಮಹಡಿಯ ಮೇಲೆ ಹೊಸ ಬೂಟು ಹಾಕಿಸಿ, ಪೊರಕೆ ಕೋಲು ಕೊಟ್ಟು ಅವನನ್ನು ಕೂರಿಸಿ ಎಬ್ಬಿಸಿದರಂತೆ. ಭಾರವಿಲ್ಲದೆ ಎಷ್ಟು ಮಾಡಿದರೂ ಅದು ಅರ್ಧ ಪಾಠ. ಇಷ್ಟೆಲ್ಲ ತಿಳಿಯದ ಮೂಢ ನಾನಲ್ಲ, ನಾನೂ ಸ್ಪರ್ಧೆಗಳಲ್ಲಿ ಬೂಟು ಹಾಕಿ ತಡವರಿಸಿದವನೇ. ಆಂಜನೇಯನ ಹೆಸರು ಹೇಳಿ ಬೇಡವೆಂದೆ. ನಿಜವಾಗಿ ಬೇಡವಾಗಿದ್ದದ್ದು ನನಗೆ.

ಸ್ಪರ್ಧೆಯ ದಿನ ನಾನೂ ಹೋಗಿದ್ದೆ. ಒಂದೇ ಉಸಿರಿಗೆ ನೆಲದಿಂದ ತಲೆಯ ಮೇಲಕ್ಕೆ ಎತ್ತುವ ಸ್ನ್ಯಾಚ್ ಮೊದಲು. ಮೊದಲ ಸಲ ಚೆನ್ನಾಗಿ ಎತ್ತಿದ. ಎರಡನೆಯ ಸಲ ಭಾರದ ಕೆಳಗೆ ಕೂತಾಗ ಎತ್ತರದ ಹಿಮ್ಮಡಿ ಅವನನ್ನು ಮುಂದಕ್ಕೆ ನೂಕಿತು. ಸರಿಪಡಿಸಿಕೊಳ್ಳಲು ಹಿಂದಕ್ಕೆ ಎಳೆದುಕೊಂಡ. ಕಂಬಿ ತಲೆಯ ಹಿಂದೆ ಹೋಯಿತು, ಎಡಗೈ ಅದನ್ನು ಬಿಡಲಿಲ್ಲ. ಮೊಣಕೈ ಕೀಲು ತಪ್ಪಿದ ಸದ್ದು ನಾನು ಕೂತಿದ್ದಲ್ಲಿಗೆ ಕೇಳಿಸಿತು. ಮಂಡಿ ನೋವಿನ ಆ ದೊಡ್ಡ ಮನುಷ್ಯ ಓಡಿ ಹೋಗಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಮ್ಮ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದರು.

ಕೈ ಕೂಡಿತು, ಆದರೆ ಮತ್ತೆ ಪೂರ್ತಿ ನೇರವಾಗಲಿಲ್ಲ. ತೋಳು ನೇರವಾಗದವನಿಗೆ ಭಾರ ಎತ್ತುವ ಸ್ಪರ್ಧೆಯೂ ಇಲ್ಲ, ಆ ಕೋಟಾದ ಕೆಲಸವೂ ಇಲ್ಲ.

ಗರಡಿಯ ಸಮಿತಿ ಸಭೆ ಸೇರಿತು. ಅಧ್ಯಕ್ಷರು ನಿವೃತ್ತ ಅಧಿಕಾರಿ, ಶಿಸ್ತಿನ ಮನುಷ್ಯ. ಮೇಷ್ಟ್ರನ್ನೂ ಕರೆಸಿದ್ದರು. ಅವರು ಚಾಪೆಯ ಮೇಲೆ ಕಾಲು ಮಡಿಸಲಾರದೆ ಚಾಚಿ ಕೂತಿದ್ದರು. ಹೂವಿನವನು ಇನ್ನೂ ಆಸ್ಪತ್ರೆಯಲ್ಲಿದ್ದ.

"ಏನ್ರೀ ಸೆಕ್ರೆಟ್ರಿ, ಯಾಕೆ ಹಿಂಗಾಯ್ತು? ನೀವು ಹೇಳಿ," ಎಂದರು ಅಧ್ಯಕ್ಷರು.

ಹೇಳಲು ಬೇಕಾದದ್ದು ಒಂದೇ ವಾಕ್ಯ. ಬೂಟು ಹಾಕಿ ಅಭ್ಯಾಸ ಮಾಡಲು ಕೇಳಿದ್ದರು, ನಾನು ಬಿಡಲಿಲ್ಲ. ಅದು ಬಾಯಿಯವರೆಗೆ ಬಂತು. ಆದರೆ ನಾನು ಎದ್ದು ನಿಂತು ಹೇಳಿದ್ದು ಬೇರೆ.

"ಸಾರ್, ಇವರು ಗರಡಿಗೆ ಕಾಲಿಟ್ಟಾಗಿನಿಂದ ನಮ್ಮ ಪದ್ಧತಿ ಕೆಡ್ತಾ ಬಂತು. ಅವರ ದೇಶದ ಮೈಯೇ ಬೇರೆ, ನಮ್ಮ ಹುಡುಗರ ಮೈಯೇ ಬೇರೆ. ತೂಕ ಬೇಗಬೇಗ ಏರಿಸಿಬಿಟ್ರು. ನಾನು ಬೇಡ ಬೇಡ ಅಂತಾನೇ ಇದ್ದೆ."

ನನ್ನ ಮಾತಿನಲ್ಲಿ ಮೇಷ್ಟ್ರಿಗೆ ತಿಳಿದದ್ದು ಒಂದೇ ಪದ. ಕಾಲಿಟ್ಟಾಗಿನಿಂದ ಎಂದದ್ದರಲ್ಲಿ ಅವರು ಕಾಲು ಮಾತ್ರ ಕೇಳಿಸಿಕೊಂಡರು. ಮುಖ ಅರಳಿತು. ನಾನು ಬೂಟಿನ ವಿಷಯ ಹೇಳುತ್ತಿದ್ದೇನೆ, ಅವರ ಪರ ನಿಂತಿದ್ದೇನೆ ಎಂದುಕೊಂಡರು. ಜೋರಾಗಿ ತಲೆಯಾಡಿಸುತ್ತ, ತಮ್ಮ ಪಾದ ತಟ್ಟಿ ತೋರಿಸುತ್ತ, "ಎಸ್, ಎಸ್. ಕಾಲು. ಹಿ ಸೇ ಕರೆಕ್ಟ್," ಎಂದರು.

"ಅವರೇ ಒಪ್ಕೊಂಡ್ರಲ್ಲ," ಎಂದರು ಒಬ್ಬ ಸದಸ್ಯರು. "ಇನ್ನೇನಿದೆ ಮಾತಾಡಕ್ಕೆ?"

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಸಭೆ ಮುಗಿಯಿತು. ಮೇಷ್ಟ್ರು ಕಷ್ಟಪಟ್ಟು ಎದ್ದು ನನ್ನ ಬಳಿಗೆ ಬಂದು ನನ್ನ ಕೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದು, "ಥ್ಯಾಂಕ್ಯೂ, ಬ್ರದರ್," ಎಂದರು. ಆ ಅಂಗೈ ಒರಟು, ಬೆಚ್ಚಗೆ. ನಾನು ಬಿಡಿಸಿಕೊಳ್ಳಲಿಲ್ಲ. ತಲೆಯಾಡಿಸಿದೆ ಎಂದು ಕಾಣುತ್ತದೆ.

ಇನ್ನು ಗರಡಿಗೆ ಬರಬೇಡಿ ಎಂದು ಅವರಿಗೆ ಹೇಳಿದವರು ಅಧ್ಯಕ್ಷರು, ಮಾರನೆಯ ದಿನ, ಅವರ ಮನೆಗೇ ಹೋಗಿ. ಅವರಿಗೆ ಎಷ್ಟು ತಿಳಿಯಿತೋ ಕಾಣೆ. ಮತ್ತೆ ಅವರು ಬರಲಿಲ್ಲ. ಊರಿನ ಬೇರೆ ಗರಡಿಗಳಿಗೂ ಮಾತು ಹೋಯಿತು. ಆ ಹಂಗೇರಿಯವನ ಕೈಗೆ ಸಿಕ್ಕಿದರೆ ಕೈ ಮುರಿದುಕೊಂಡ ಹಾಗೇ ಎಂದು ಮಲ್ಲೇಶ್ವರದಲ್ಲಿ ಯಾರೋ ನನಗೇ ಹೇಳಿದರು. ನಾನು ಸುಮ್ಮನಿದ್ದೆ. ಒಪ್ಪಂದದ ಅವಧಿ ಮುಗಿದಾಗ ಶಿಬಿರದವರು ಮುಂದುವರಿಸಲಿಲ್ಲ. ಅದಕ್ಕೂ ನನ್ನ ಮಾತಿಗೂ ಸಂಬಂಧವಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದರಲ್ಲಿ ಸಮಾಧಾನವೇನೂ ಇಲ್ಲ.

ಅವರು ಊರು ಬಿಟ್ಟ ವರ್ಷದ ಆಯುಧ ಪೂಜೆ. ಕಂಬಿ, ಚಕ್ರ, ಗದೆಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ ಸಾಲಾಗಿ ಇಟ್ಟಿದ್ದೆವು. ಮಂಗಳಾರತಿಗೆ ಬಂದಿದ್ದ ಪುರೋಹಿತರನ್ನು ನಾನು ಯಾವುದೋ ಲೋಕಾಭಿರಾಮದ ಮಾತಿನಂತೆ ಕೇಳಿದೆ, ಭಾರ ಎತ್ತುವ ಬೂಟನ್ನು ಒಳಗೆ ತರಬಹುದೇ ಎಂದು.

"ಬೀದೀಲಿ ಹಾಕಲ್ಲ ತಾನೇ?"

"ಇಲ್ಲ, ಇಲ್ಲಿಗೇ ಅಂತ."

"ಬಸ್ಸಿನ ಟೈರಿಗೆ ಕುಂಕುಮ ಇಟ್ಟು ಬಂದಿದೀನಿ ಈಗ. ಅದನ್ನೂ ಇಡಿ ಆ ಸಾಲಲ್ಲಿ. ಉಪಕರಣ ಅಲ್ವೇನ್ರೀ ಅದೂ?" ಎಂದು ಅವರು ಕರ್ಪೂರ ಹಚ್ಚಿದರು.

ಅಷ್ಟು ಸುಲಭವಾಗಿತ್ತು. ನಾನು ಯಾರನ್ನೂ ಕೇಳಿರಲಿಲ್ಲ. ಮುಂದಿನ ವರ್ಷದಿಂದ ನಮ್ಮ ಗರಡಿಯಲ್ಲಿ ಬೂಟು ಬಂತು, ಪೂಜೆಯಾದ ಬೂಟು ಹಾಕಿಕೊಂಡೇ ಹುಡುಗರು ಅಭ್ಯಾಸ ಮಾಡಿದರು. ಒಳ್ಳೆಯ ಸುಧಾರಣೆ ತಂದಿರಿ ಎಂದು ಜನ ನನ್ನನ್ನು ಹೊಗಳಿದರು. ಅದನ್ನೂ ಕೇಳಿಸಿಕೊಂಡೆ.

ಹೂವಿನವನು ಅಂಗಡಿಗೆ ಮರಳಿದ. ಮದುವೆಯಾಯಿತು, ಮಗಳು ಹುಟ್ಟಿದಳು. ಕೈ ಚಾಚಿದರೆ ಎಡಗೈ ಬಾಗಿಯೇ ಇರುತ್ತಿತ್ತು. "ನಿನ್ನ ಮಾರು ಮೋಸ ಕಣಪ್ಪ," ಎಂದು ಹಳೆಯ ಗಿರಾಕಿ ಹೆಂಗಸರು ಛೇಡಿಸಿದರೆ, "ಅಮ್ಮಾ, ಮೊದಲು ನಿಮಗೆ ಜಾಸ್ತಿ ಕೊಟ್ಟಿದ್ದು ಈಗ ವಾಪಸ್ ತಗೋತಿದೀನಿ," ಎನ್ನುವನು. ನಾನು ಮಾತ್ರ ಅಲ್ಲಿ ಹೂವು ಕೊಳ್ಳುವುದನ್ನು ಬಿಟ್ಟು ಸುತ್ತಿ ಬಳಸಿ ಬೇರೆ ರಸ್ತೆಯಲ್ಲಿ ಹೋಗುತ್ತಿದ್ದೆ.

ಹೊಸ ಶತಮಾನದಲ್ಲಿ ನಾನು ಕೆಲಸದಿಂದ ನಿವೃತ್ತನಾದೆ. ಹೆಂಡತಿ ತೀರಿಕೊಂಡಳು. ಮಾತಾಡುವವರಿಲ್ಲದ ಮನೆಯಲ್ಲಿ, ಆ ಬೆಚ್ಚಗಿನ ಅಂಗೈ ನನಗೆ ಮತ್ತೆ ಮತ್ತೆ ನೆನಪಾಗತೊಡಗಿತು. ಒಂದು ಮಧ್ಯಾಹ್ನ, ವ್ಯಾಪಾರ ತಣ್ಣಗಿರುವ ಹೊತ್ತು ನೋಡಿ, ಅವನ ಅಂಗಡಿಯ ಮುಂದೆ ಹೋಗಿ ನಿಂತೆ. ಅವನು ಗೋಣಿಚೀಲದ ಮೇಲೆ ನೀರು ಚಿಮುಕಿಸುತ್ತಿದ್ದ.

"ಬನ್ನಿ ಅಣ್ಣಾ. ಏನು, ದಾರಿ ತಪ್ಪಿ ಬಂದ್ರಾ?"

ಸ್ಟೂಲು ಕೊಟ್ಟ. ಕೂತು ಎಲ್ಲ ಹೇಳಿದೆ. ಬೂಟು ಬೇಡವೆಂದದ್ದು ಅವನಿಗೆ ಗೊತ್ತಿದ್ದದ್ದೇ. ಸಭೆಯಲ್ಲಿ ಏನಾಯಿತೆಂಬುದು ಗೊತ್ತಿರಲಿಲ್ಲ. ತೂಕ ಬೇಗ ಏರಿಸಿದ್ದು ತಮ್ಮ ತಪ್ಪೆಂದು ಮೇಷ್ಟ್ರೇ ಒಪ್ಪಿಕೊಂಡರೆಂದು ಅವನಿಗೂ ಯಾರೋ ಹೇಳಿದ್ದರಂತೆ. ಇಷ್ಟು ವರ್ಷವೂ ಅವನು ಹಾಗೇ ನಂಬಿದ್ದ. ಆಸ್ಪತ್ರೆಗೆ ಅವರು ಬರುತ್ತಿದ್ದಾಗ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದನಂತೆ.

ಒಬ್ಬರು ಬಂದು ಗುಲಾಬಿ ಕೇಳಿದರು, ಕಟ್ಟಿ ಕೊಟ್ಟ. ಆಮೇಲೆ ನನ್ನ ಕಡೆ ತಿರುಗಿದ.

"ಬೈಯ್ಲಾ ಅಣ್ಣಾ ನಿಮ್ಮನ್ನ? ಬೈದ್ರೆ ನಿಮಗೆ ಹಗುರ ಆಗುತ್ತೆ. ಬೈಯಲ್ಲ."

"ಬೇಡ. ಏನು ಮಾಡ್ಲಿ ಹೇಳು."

"ನನ್ನ ಕೈ ಮಾತು ಬಿಡಿ, ಇದು ಹೋಗಿದ್ದು ಹೋಯ್ತು. ಅವರ ಹೆಸರು ಕೆಟ್ಟಿದ್ದು ಗರಡೀಲಿ. ಎಲ್ಲಿ ಕೆಟ್ಟಿತೋ ಅಲ್ಲೇ ಹೇಳಿ. ಎಲ್ಲರ ಎದುರಿಗೆ ಹೇಳಿ. ನಾನೂ ಬಂದು ಕೇಳ್ತೀನಿ."

ಆ ವರ್ಷದ ವಾರ್ಷಿಕ ಸಭೆಯಲ್ಲಿ ಹೇಳಿದೆ. ಹಳೆಯ ಅಧ್ಯಕ್ಷರು ತೀರಿಹೋಗಿದ್ದರು, ಅಂದಿನ ಸದಸ್ಯರಲ್ಲಿ ಉಳಿದಿದ್ದವರು ಇಬ್ಬರು. ಮಿಕ್ಕವರೆಲ್ಲ ಹೊಸಬರು. ಹಂಗೇರಿಯ ಮೇಷ್ಟ್ರ ಮೇಲೆ ನಾನು ಸುಳ್ಳು ಹೇಳಿದೆ, ತಪ್ಪು ನನ್ನದು, ಇದನ್ನು ನೀವೆಲ್ಲ ತಿಳಿಯಬೇಕು ಎಂದೆ. ಹೇಳಿ ನಿಂತೆ. ಯಾರಾದರೂ ಛೀ ಎನ್ನಲಿ ಎಂದು ಕಾಯುತ್ತಿದ್ದೆ.

ಮುಂದಿನ ಸಾಲಿನವನೊಬ್ಬ ಪಕ್ಕದವನನ್ನು ಕೇಳಿದ, "ಯಾರು ಮಗಾ ಅದು, ಹಂಗೇರಿ?"

"ಗೊತ್ತಿಲ್ಲ ಗುರು."

"ಯಾರ್ ಸಾರ್ ಅವರು? ನಮ್ಮ ಗರಡೀಗೆ ಬರ್ತಿದ್ರಾ?" ಎಂದು ಅವನು ನನ್ನನ್ನೇ ಕೇಳಿದ.

ಅವರಿಗೆ ಕೆಟ್ಟ ಹೆಸರೂ ಉಳಿದಿರಲಿಲ್ಲ. ಹೆಸರೇ ಉಳಿದಿರಲಿಲ್ಲ. ಇಷ್ಟು ವರ್ಷ ನಾನು ಹೊತ್ತುಕೊಂಡು ತಿರುಗಿದ್ದು ಈ ಕೋಣೆಯಲ್ಲಿ ಯಾರಿಗೂ ಬೇಡದ್ದಾಗಿತ್ತು. ಇಳಿಸಲು ಮೊದಲು ಅದು ಏನೆಂದು ತೋರಿಸಬೇಕಿತ್ತು. ಅದಕ್ಕೇ ಗಿರಣಿಯಿಂದ ಶುರುಮಾಡಿದೆ. ಮೂಟೆ ಹೊತ್ತದ್ದು, ಸೈನ್ಯಕ್ಕೆ ಸೇರಿದ್ದು, ಒಂದು ಸಭೆಯಲ್ಲಿ ಅವರ ಅರ್ಧ ಬಲ ಹೋದದ್ದು, ಮತ್ತೆ ಮೊದಲಿನಿಂದ ಕಲಿತದ್ದು. ಹುಡುಗರು ಗೋಡೆ ಬಿಟ್ಟು ಹತ್ತಿರ ಸರಿದು ಕೂತರು.

"ಸೂಪರ್ ಹೆವಿನಾ ಸಾರ್? ಎಷ್ಟು ಎತ್ತುತಿದ್ರು?" ಎಂದು ಒಬ್ಬ ಕೇಳಿದ.

ನನಗೆ ಗೊತ್ತಿರಲಿಲ್ಲ. ಅಷ್ಟು ಭಾನುವಾರ ಅವರ ಎದುರು ಕೂತು ಕಾಫಿ ಕುಡಿದಿದ್ದೆ, ನಮ್ಮ ಕಸುಬಿನಲ್ಲಿ ಯಾರಾದರೂ ಮೊದಲು ಕೇಳುವ ಪ್ರಶ್ನೆ ಅದು, ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ನನ್ನದನ್ನು ಹೇಳಬೇಕಾಗುತ್ತಿತ್ತು.

ಹೂವಿನವನು ಬಾಗಿಲ ಬಳಿ ಕೂತಿದ್ದವನು ಎದ್ದು ಮುಂದೆ ಬಂದ. "ನಂಗೊತ್ತು, ನಾನು ಹೇಳ್ತೀನಿ," ಎಂದ. "ಪ್ರೆಸ್‌ದು ಹೇಳ್ಲಾ ಮೊದಲು, ಸ್ನ್ಯಾಚ್‌ದಾ?"

"ಪ್ರೆಸ್ ಅಂದ್ರೇನಣ್ಣ?"

ಅವನು ಕಂಬಿಯ ಹತ್ತಿರ ಹೋಗಿ ನಿಂತು ತೋರಿಸತೊಡಗಿದ. ನಾನು ನಿಂತಿದ್ದ ಜಾಗ ಬಿಟ್ಟುಕೊಟ್ಟು, ಹುಡುಗರ ನಡುವೆ ನೆಲದ ಮೇಲೆ ಕೂತು ಕೇಳಿದೆ.